ಫ್ಲೂಮಿನಲ್ಲಿ ಕಂಬದ ಸುತ್ತ ಬಿದ್ದ ಗುಂಡಿ ಲೆಕ್ಕಕ್ಕೆ ಸಿಗುತ್ತಿಲ್ಲವೇ? ದೋಷ ಹುಡುಕುವ ಬಗೆ

ಸೇತುವೆ ಕಂಬದ ಸುತ್ತ ಮರಳು ಕೊರೆಯುವುದನ್ನು ಲ್ಯಾಬಿನಲ್ಲಿ ಅಳೆಯುವ ಪ್ರಯೋಗ ನೋಡಲು ಬಹಳ ಸರಳ. ಗಾಜಿನ ಗೋಡೆಯ ಒಂದು ಕಾಲುವೆ (ಫ್ಲೂಮ್ ಎನ್ನುವುದು ಇದನ್ನೇ), ಅದರೊಳಗೆ ಮರಳಿನ ಹಾಸು, ನಡುವೆ ಒಂದು ಕೊಳವೆ. ನೀರು ಬಿಟ್ಟರೆ ಗುಂಡಿ ಬೀಳುತ್ತದೆ. ತೊಂದರೆ ಇರುವುದೂ ಅಲ್ಲೇ. ಪ್ರಯೋಗ ಎಷ್ಟೇ ಕೆಟ್ಟಿದ್ದರೂ ಗುಂಡಿಯಂತೂ ಬಿದ್ದೇ ಬೀಳುತ್ತದೆ, ಅಳೆದರೆ ಒಂದು ಸಂಖ್ಯೆಯೂ ಸಿಗುತ್ತದೆ. ಆ ಸಂಖ್ಯೆ ಕಂಬದಿಂದ ಬಂದದ್ದೋ, ಪಂಪಿನಿಂದ ಬಂದದ್ದೋ, ಮರಳಿನ ಧೂಳಿನಿಂದ ಬಂದದ್ದೋ ಎಂದು ಸಂಖ್ಯೆ ನೋಡಿ ಹೇಳಲಾಗದು. ಗುಂಡಿಯ ಆಕಾರ, ಅದು ಬೆಳೆದ ಗತಿ, ಅದರ ತಳದಲ್ಲಿ ಉಳಿದ ಕಾಳುಗಳು, ಇವನ್ನು ನೋಡಿದರೆ ಹೇಳಬಹುದು. ಈ ಬರಹ ಅದಕ್ಕಾಗಿ.

ಸರಿಯಾದ ಗುಂಡಿ ಹೇಗಿರುತ್ತದೆ

ಹರಿವಿನಲ್ಲಿ ಮೇಲಿನ ನೀರಿನ ವೇಗ ಜಾಸ್ತಿ, ತಳದ ನೀರಿನದು ಕಡಿಮೆ. ಕಂಬಕ್ಕೆ ಎದುರಾಗಿ ನೀರು ನಿಂತಾಗ ಕಂಬದ ಮುಖದಲ್ಲಿ ಮೇಲ್ಗಡೆ ಒತ್ತಡ ಹೆಚ್ಚು, ಕೆಳಗಡೆ ಕಡಿಮೆ ಆಗುತ್ತದೆ. ಹಾಗಾಗಿ ನೀರು ಕಂಬದ ಮುಖ ಹಿಡಿದು ಕೆಳಕ್ಕೆ ಧುಮುಕಿ ಮರಳನ್ನು ಅಗೆಯುತ್ತದೆ. ಗುಂಡಿಯೊಳಗೆ ಒಂದು ಸುಳಿ ಹುಟ್ಟಿ, ಕಂಬವನ್ನು ಎರಡೂ ಬದಿಯಿಂದ ಬಳಸಿ ಹೋಗುತ್ತದೆ. ಆಕಾರ ಕುದುರೆ ಲಾಳದಂತಿರುವುದರಿಂದ ಅದಕ್ಕೆ ಕುದುರೆಲಾಳ ಸುಳಿ ಎನ್ನುತ್ತಾರೆ. ಕಂಬದ ಬೆನ್ನಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೇರೆ ಸುಳಿಗಳು ಕಳಚಿಕೊಳ್ಳುತ್ತವೆ. ಕುದುರೆಲಾಳ ಸುಳಿ ಹೊರದೂಡಿದ ಮರಳನ್ನು ಇವು ಎತ್ತಿಕೊಂಡು ಮುಂದೆ ಸಾಗಿಸುತ್ತವೆ.

ಆದ್ದರಿಂದ ಚೆನ್ನಾಗಿ ನಡೆದ ರನ್ನಿನಲ್ಲಿ ಗುಂಡಿ ಮೊದಲು ಕಂಬದ ಎರಡು ಭುಜಗಳಲ್ಲಿ ಶುರುವಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎರಡೂ ಮುಂದೆ ಬಂದು ಕೂಡಿಕೊಳ್ಳುತ್ತವೆ. ಆಮೇಲೆ ಅತಿ ಆಳದ ಜಾಗ ಕಂಬದ ಮುಖದ ಬುಡದಲ್ಲೇ ಇರುತ್ತದೆ. ನೀರು ಬರುವ ಕಡೆಯ ಇಳಿಜಾರು ಕಡಿದಾಗಿ, ಮರಳು ತಾನಾಗಿ ನಿಲ್ಲುವ ಕೋನದ ಆಸುಪಾಸಿನಲ್ಲಿ, ಅಂದರೆ 30 ಡಿಗ್ರಿಗೆ ಸ್ವಲ್ಪ ಆಚೀಚೆ ಇರುತ್ತದೆ. ನೀರು ಹೋಗುವ ಕಡೆ ಇಳಿಜಾರು ಹಗುರ, ಅದರಾಚೆ ಮರಳಿನ ದಿಬ್ಬ. ಎಡ ಮತ್ತು ಬಲ ಒಂದೇ ಥರ. ಇದರಿಂದ ಎಲ್ಲಿ ಬೇರೆಯಾಗಿದೆ ಎಂಬುದೇ ನಿಮಗೆ ಸಿಗುವ ಮೊದಲ ಸುಳಿವು.

ಮುಂದಿನ ಲೆಕ್ಕಗಳಿಗೆಲ್ಲ ಒಂದೇ ಉದಾಹರಣೆ ಹಿಡಿಯುತ್ತೇನೆ. ಫ್ಲೂಮಿನ ಅಗಲ 60 ಸೆಂ.ಮೀ. ಕಂಬವಾಗಿ 50 ಮಿ.ಮೀ. ಪಿವಿಸಿ ಕೊಳವೆ. (ನಮ್ಮಲ್ಲಿ ಪಿವಿಸಿ ಕೊಳವೆಯ ಅಳತೆ ಹೊರವ್ಯಾಸದ್ದೇ, ಅದು ಅನುಕೂಲ. ಆದರೂ ಕ್ಯಾಲಿಪರ್ ಹಿಡಿದು ನೋಡಿ.) ಮರಳಿನ ನಡುಗಾತ್ರ 0.8 ಮಿ.ಮೀ., ನೀರಿನ ಆಳ 15 ಸೆಂ.ಮೀ. ಈ ಆಳದಲ್ಲಿ ಈ ಮರಳು ಕದಲಲು ಶುರುವಾಗುವ ಸರಾಸರಿ ವೇಗ, ಅಂದರೆ ಕ್ರಿಟಿಕಲ್ ವೇಗ, ಸೆಕೆಂಡಿಗೆ ಸುಮಾರು 36 ಸೆಂ.ಮೀ. ನಾವು ಅದರ 0.9 ಪಟ್ಟು, ಅಂದರೆ 32 ಸೆಂ.ಮೀ. ವೇಗದಲ್ಲಿ ಓಡಿಸುತ್ತೇವೆ. ಅದಕ್ಕೆ ಸೆಕೆಂಡಿಗೆ 29 ಲೀಟರ್ ನೀರು ಬೇಕು. ಕಂಬದ ಸುತ್ತ ಮಾತ್ರ ಮರಳು ಕದಲಬೇಕು, ಉಳಿದ ಹಾಸು ಸುಮ್ನೆ ಕೂತಿರಬೇಕು. ಇದನ್ನೇ ಕ್ಲಿಯರ್ ವಾಟರ್ ಕೊರೆತ ಎನ್ನುವುದು. ವೇಗ ಕ್ರಿಟಿಕಲ್ ದಾಟಿ ಇಡೀ ಹಾಸು ಹರಿಯತೊಡಗಿದರೆ ಅದು ಲೈವ್ ಬೆಡ್.

ಇದು ನಿಜಕ್ಕೂ ದೋಷವೇ?

"ಸೂತ್ರದ ಪ್ರಕಾರ ಇಷ್ಟು ಬರಬೇಕಿತ್ತು, ಬರಲಿಲ್ಲ" ಎಂಬ ದೂರಿನಲ್ಲಿ ಎಷ್ಟೋ ಸಲ ತಪ್ಪಿರುವುದು ಹೋಲಿಕೆಯಲ್ಲಿ. ಮೇಲಿನ ಉದಾಹರಣೆಯನ್ನೇ ಮೂರು ಕಡೆ ಹಾಕಿ ನೋಡಿ. ಅಮೆರಿಕದ ಫೆಡರಲ್ ಹೈವೇ ಅಡ್ಮಿನಿಸ್ಟ್ರೇಶನ್ನಿನ ಎಚ್‌ಇಸಿ-18 ಸೂತ್ರ ಸುಮಾರು 9 ಸೆಂ.ಮೀ. ಕೊಡುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಮೆಲ್ವಿಲ್ ಮತ್ತು ಸಂಗಡಿಗರು ಬೆಳೆಸಿದ ಪದ್ಧತಿಯಲ್ಲಿ, ನೀರಿನ ಆಳಕ್ಕೆ ಹೋಲಿಸಿದರೆ ಸಣ್ಣದಾದ ಕಂಬಕ್ಕೆ, ಮೇಲ್ಮಿತಿ ವ್ಯಾಸದ 2.4 ಪಟ್ಟು. ನಮ್ಮ ಕೊಳವೆಗೆ ಅದು 12 ಸೆಂ.ಮೀ. ಇದು ಮೇಲ್ಮಿತಿ ಎಂಬುದು ನೆನಪಿರಲಿ. ಅಷ್ಟು ಬಾರದೆ ಇದ್ದರೆ ದೋಷವೇನೂ ಅಲ್ಲ.

ಮೂರನೆಯದು ನಮ್ಮ ದೇಶದ ಸೇತುವೆ ವಿನ್ಯಾಸದಲ್ಲಿ ಬಳಕೆಯಲ್ಲಿರುವ ಲೇಸಿ ಪದ್ಧತಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಸರಾಸರಿ ಕೊರೆತದ ಆಳ ಲೆಕ್ಕ ಹಾಕಿ, ಕಂಬಕ್ಕೆ ಅದರ ಎರಡು ಪಟ್ಟು ಹಿಡಿಯುತ್ತಾರೆ. ನಮ್ಮ ಅಂಕಿ ಹಾಕಿದರೆ ಸುಮಾರು 30 ಸೆಂ.ಮೀ. ಬರುತ್ತದೆ. ಇದನ್ನು ನೋಡಿ ಗಾಬರಿಯಾಗುವವರು ಮರೆಯುವ ಸಂಗತಿ ಏನೆಂದರೆ ಲೇಸಿ ಆಳವನ್ನು ಅಳೆಯುವುದು ನೀರಿನ ಮಟ್ಟದಿಂದ, ಮರಳಿನ ಮಟ್ಟದಿಂದ ಅಲ್ಲ. ನೀರಿನ 15 ಸೆಂ.ಮೀ. ಕಳೆದರೆ ಗುಂಡಿಗೆ ಉಳಿಯುವುದು 15 ಸೆಂ.ಮೀ. ಚಿಲ್ಲರೆ. ಇನ್ನೊಂದು ವಿಚಿತ್ರ ನೋಡಿ: ಈ ಸೂತ್ರದಲ್ಲಿ ಕಂಬದ ಅಗಲವೇ ಇಲ್ಲ! ಸಪೂರ ಕಂಬಕ್ಕೂ ದಪ್ಪ ಕಂಬಕ್ಕೂ ಒಂದೇ ಉತ್ತರ. ಮೆಕ್ಕಲು ಮಣ್ಣಿನ ಕಾಲುವೆಗಳ ಅನುಭವದಿಂದ ಹುಟ್ಟಿದ ಸೂತ್ರ ಅದು. ಫ್ಲೂಮಿನೊಳಗಿನ ಕೊಳವೆಯನ್ನು ಅದಕ್ಕೆ ಹೋಲಿಸಿ ಪಾಸು ಫೇಲು ಮಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಅಂದರೆ ಒಂದೇ ಫ್ಲೂಮಿಗೆ 9, 12, 15. ನಿಮ್ಮ ಗುಂಡಿ 8ರಿಂದ 11 ಸೆಂ.ಮೀ. ಒಳಗೆ ಬಂದು, ಆಕಾರ ಸರಿಯಿದ್ದು, ಬೆಳವಣಿಗೆ ನಿಂತಿದ್ದರೆ ರಿಪೇರಿ ಮಾಡಲು ಏನೂ ಇಲ್ಲ. 5 ಸೆಂ.ಮೀ.ಗೆ ನಿಂತಿದ್ದರೆ ಮುಂದೆ ಓದಿ.

ಕಂಬ ಕಿತ್ತು ಒಂದು ಸಲ ಓಡಿಸಿ

ಯಾವ ಲಕ್ಷಣವೇ ಇರಲಿ, ಮೊದಲ ಪರೀಕ್ಷೆ ಇದೇ. ಕಂಬ ತೆಗೆಯಿರಿ. ಹಾಸನ್ನು ಸಮ ಮಾಡಿ. ಅದೇ ಹರಿವು, ಅದೇ ಆಳದಲ್ಲಿ ಕೆಲವು ಗಂಟೆ ಓಡಿಸಿ. ಕಂಬ ಇರಬೇಕಾದ ಜಾಗದಲ್ಲಿ ಮರಳು ಒಂದಿಷ್ಟೂ ತಗ್ಗಬಾರದು, ಏರಬಾರದು. ಬಹಳ ಮಂದಿ ಇದನ್ನು ಸಮಯ ದಂಡ ಎಂದು ಬಿಟ್ಟುಬಿಡುತ್ತಾರೆ. ಆದರೆ ಅರ್ಧಕ್ಕರ್ಧ ತೊಂದರೆಗಳು ಇಲ್ಲೇ ಕಣ್ಣಿಗೆ ಬೀಳುತ್ತವೆ.

ನೀರು ಒಳಬರುವ ಕಡೆ ಗಟ್ಟಿ ನೆಲ ಮುಗಿದು ಮರಳು ಶುರುವಾಗುವ ಜಾಗದಲ್ಲಿ ಅಡ್ಡ ಹಳ್ಳ ಬಿದ್ದಿದೆಯೇ? ನುಣುಪು ನೆಲದಿಂದ ಒರಟು ಮರಳಿಗೆ ನೀರು ಒಮ್ಮೆಲೇ ಇಳಿದರೆ ಹಾಗಾಗುತ್ತದೆ. ಆ ಹಳ್ಳದ ಮರಳು ಮೆಲ್ಲಗೆ ತೆವಳಿ ಬಂದು ನಿಮ್ಮ ಗುಂಡಿಯನ್ನು ತುಂಬುತ್ತದೆ. ಅದೇ ಮರಳನ್ನು ಅಂಟಿಸಿದ ಹಲಗೆಯೊಂದನ್ನು ಮುಂದೆ ಹಾಸಿ, ಸೇರುವ ಜಾಗದಲ್ಲಿ ಒಂದು ಸಾಲು ಸಣ್ಣ ಜಲ್ಲಿ ಹರಡಿ. ಕೆಲಸ ಮುಗಿಯಿತು.

ಹಾಸಿನ ಮೇಲೆ ಸಣ್ಣ ಸಣ್ಣ ಏಣುಗಳು ಎದ್ದಿವೆಯೇ? ಮರಳು ಸಣ್ಣದಾಯಿತು. 0.7 ಮಿ.ಮೀ.ಗಿಂತ ಸಣ್ಣ ಮರಳು ಕ್ರಿಟಿಕಲ್ ವೇಗದ ಹತ್ತಿರ ಸಮತಟ್ಟಾಗಿ ಉಳಿಯುವುದೇ ಇಲ್ಲ, ಅಲೆ ಕಟ್ಟುತ್ತದೆ. ಕ್ಲಿಯರ್ ವಾಟರ್ ಎಂದು ನೀವು ಅಂದುಕೊಂಡಿರುತ್ತೀರಿ. ಆದರೆ ಗುಂಡಿಗೆ ಮರಳು ಬೀಳುತ್ತಲೇ ಇರುತ್ತದೆ, ಆಳ ಕಡಿಮೆಯಾಗುತ್ತದೆ. ಇದಕ್ಕೆ ಟೇಲ್ ಗೇಟಿನಲ್ಲಿ (ಫ್ಲೂಮಿನ ಕೊನೆಯಲ್ಲಿ ನೀರಿನ ಆಳ ಹೊಂದಿಸುವ ಬಾಗಿಲು) ಮದ್ದಿಲ್ಲ, ಮರಳನ್ನೇ ಬದಲಿಸಬೇಕು.

ಇದೇ ರನ್ನಿನ ಕೊನೆಗೆ ಇನ್ನೊಂದು ಕೆಲಸ ಮಾಡಿಕೊಳ್ಳಿ. ವೇಗವನ್ನು ಮೆಲ್ಲಗೆ ಏರಿಸುತ್ತಾ, ಹಾಸಿನ ಉದ್ದಗಲಕ್ಕೂ ಕಾಳುಗಳು ಕದಲತೊಡಗಿದ ಕ್ಷಣದ ವೇಗ ಬರೆದುಕೊಳ್ಳಿ. ಪುಸ್ತಕದ ಸೂತ್ರ 36 ಎನ್ನಬಹುದು. ನಿಮ್ಮ ಮರಳು 33ಕ್ಕೇ ಎದ್ದರೆ ನಿಮ್ಮ ಮಟ್ಟಿಗೆ 33 ಸರಿ.

ಲಕ್ಷಣ: ಗುಂಡಿ ಆಳವಾಗುತ್ತಿಲ್ಲ

ಇದೇ ಅತಿ ಸಾಮಾನ್ಯ ದೂರು, ಕಾರಣಗಳೂ ಹಲವು. ನಾನು ಹುಡುಕುವ ಕ್ರಮ ಹೀಗೆ: ಮೊದಲು ಸಮಯ, ಆಮೇಲೆ ವೇಗ, ಕೊನೆಗೆ ಮರಳು.

ಸಮಯ ಮೊದಲು ಏಕೆಂದರೆ ಅಲ್ಲೇ ಹೆಚ್ಚಿನವರು ಎಡವುವುದು. ಬೆಳಗ್ಗೆ ಪಂಪು ಹಾಕಿ, ಸಂಜೆ ಲ್ಯಾಬ್ ಬಾಗಿಲು ಹಾಕುವ ಮುಂಚೆ ನಿಲ್ಲಿಸಿದ ರನ್ ಅದು. ಕೊನೆಯ ಒಂದು ಗಂಟೆಯಲ್ಲಿ ಗೇಜಿನ ಮುಳ್ಳು ಕದಲಲಿಲ್ಲ, ಆದ್ದರಿಂದ ಕೊರೆತ ನಿಂತಿತು ಎಂದು ಬರೆದಿರುತ್ತಾರೆ. ನಿಂತಿರುವುದಿಲ್ಲ. ಮೆಲ್ವಿಲ್ ಮತ್ತು ಚ್ಯೂ 1999ರಲ್ಲಿ ಕೊಟ್ಟ ಅಳತೆಗೋಲು ಹೀಗಿದೆ: 24 ಗಂಟೆಯಲ್ಲಿ ಗುಂಡಿ ಬೆಳೆದದ್ದು ಕಂಬದ ವ್ಯಾಸದ ಶೇ. 5ಕ್ಕಿಂತ ಕಡಿಮೆ ಇದ್ದರೆ ಮಾತ್ರ ಸಮಸ್ಥಿತಿ, ಅಂದರೆ ಕೊರೆತ ನಿಂತಂತೆ. ನಮ್ಮ ಕೊಳವೆಗೆ ಅದು 24 ಗಂಟೆಗೆ 2.5 ಮಿ.ಮೀ. ಅವರದೇ ಸೂತ್ರಕ್ಕೆ ನಮ್ಮ ಉದಾಹರಣೆ ಹಾಕಿದರೆ ಸಮಸ್ಥಿತಿಗೆ ಬೇಕಾಗುವುದು ಮೂರು ದಿನಕ್ಕೂ ಸ್ವಲ್ಪ ಹೆಚ್ಚು. ಆ ಸಮಯದ ಹತ್ತನೇ ಒಂದು ಭಾಗ ಮುಗಿಯುವಾಗ ಕೊನೆಯ ಆಳದ ಶೇ. 50ರಿಂದ 80 ಆಗಿರುತ್ತದೆ ಎಂದೂ ಅವರು ಕಂಡುಕೊಂಡರು. ಮೂರು ದಿನದ ಹತ್ತನೇ ಒಂದು ಅಂದರೆ ಏಳೆಂಟು ಗಂಟೆ. ನಿಮ್ಮ ಬೆಳಗ್ಗೆಯಿಂದ ಸಂಜೆಯ ರನ್ ಕರೆಕ್ಟಾಗಿ ಅಷ್ಟೇ, ಅಲ್ವಾ? 5 ಸೆಂ.ಮೀ. ಬಂದದ್ದರಲ್ಲಿ ಆಶ್ಚರ್ಯ ಏನಿದೆ.

ಪತ್ತೆ ಮಾಡುವುದು ಸುಲಭ. 1, 2, 5, 10, 20, 30, 60 ನಿಮಿಷಕ್ಕೆ, ಆಮೇಲೆ 2, 4, 8, 16, 24 ಗಂಟೆಗೆ ಆಳ ಬರೆದುಕೊಳ್ಳಿ. ಸಮಯವನ್ನು ಲಾಗ್ ಅಕ್ಷದಲ್ಲಿ ಹಾಕಿ ಗ್ರಾಫ್ ಬಿಡಿಸಿ. ಸಾಮಾನ್ಯ ಅಕ್ಷದಲ್ಲಿ ಮಲಗಿದಂತೆ ಕಾಣುವ ಗೆರೆ ಲಾಗ್ ಅಕ್ಷದಲ್ಲಿ ಇನ್ನೂ ಏರುತ್ತಿರುವುದು ಕಾಣುತ್ತದೆ. ಏರುತ್ತಿದ್ದರೆ ದೋಷ ಬೇರೆಲ್ಲೂ ಹುಡುಕಬೇಡಿ, ಪಂಪು ಓಡಲಿ. ಮೂರು ದಿನ ಲ್ಯಾಬ್ ಸಿಗದಿದ್ದರೆ ಸಿಕ್ಕಷ್ಟು ಆಳವನ್ನು "ಇಷ್ಟು ಗಂಟೆಯ ಆಳ" ಎಂದೇ ಬರೆಯಿರಿ. ಅದಕ್ಕೆ ಸಮಸ್ಥಿತಿಯ ಆಳ ಎಂಬ ಹೆಸರು ಬೇಡ.

ಗ್ರಾಫ್ ನಿಜಕ್ಕೂ ಮಲಗಿದೆ, ಆದರೂ ಆಳ ಕಡಿಮೆ. ಈಗ ವೇಗ ನೋಡಿ. ಕ್ಲಿಯರ್ ವಾಟರ್ ಸ್ಥಿತಿಯಲ್ಲಿ ಗುಂಡಿಯ ಆಳ ವೇಗದ ಜೊತೆ ಹೆಚ್ಚುಕಡಿಮೆ ನೇರವಾಗಿ ಏರುತ್ತದೆ. ಕ್ರಿಟಿಕಲ್ಲಿನ 0.9 ಪಟ್ಟು ಎಂದುಕೊಂಡದ್ದು ನಿಜಕ್ಕೂ 0.75 ಇದ್ದರೆ ಆಳದಲ್ಲಿ ಆರನೇ ಒಂದು ಭಾಗ ಹೋಯಿತು. ವೇಗ ತಪ್ಪುವ ದಾರಿಗಳು ಎರಡು. ಒಂದು ಹರಿವಿನ ಅಳತೆ. 90 ಡಿಗ್ರಿ ವಿ-ನಾಚಿನಲ್ಲಿ (ನೀರಿನ ಎತ್ತರ ನೋಡಿ ಹರಿವು ಅಳೆಯಲು ವಿ ಆಕಾರದಲ್ಲಿ ಕತ್ತರಿಸಿದ ತಡೆಹಲಗೆ) 29 ಲೀಟರಿಗೆ ನೀರು ನಾಚಿನ ಕೆಳತುದಿಯಿಂದ ಸುಮಾರು 21 ಸೆಂ.ಮೀ. ಏರುತ್ತದೆ. ಹರಿವು ಆ ಎತ್ತರದ ಎರಡೂವರೆ ಘಾತಕ್ಕೆ ತಕ್ಕಂತೆ ಬದಲಾಗುವುದರಿಂದ, ಎತ್ತರದಲ್ಲಿ 5 ಮಿ.ಮೀ. ತಪ್ಪಿದರೆ ಹರಿವಿನಲ್ಲಿ ಶೇ. 6 ತಪ್ಪುತ್ತದೆ. ಗೇಜಿನ ಸೊನ್ನೆಯನ್ನು ನಾಚಿನ ತುದಿಗೆ ಸರಿಹೊಂದಿಸಿ ಎಷ್ಟು ದಿನವಾಯಿತು ಎಂದು ಕೇಳಿಕೊಳ್ಳಿ. ನಾಚಿಗೆ ತೀರಾ ಹತ್ತಿರ ಗೇಜು ಇಟ್ಟರೂ ತಪ್ಪೇ. ಅಲ್ಲಿ ನೀರು ಇಳಿಯಲು ಶುರುವಾಗಿರುತ್ತದೆ. ಎತ್ತರದ ಮೂರು ನಾಲ್ಕು ಪಟ್ಟು ಹಿಂದೆ ಸರಿಸಿ. ಅನುಮಾನವಿದ್ದರೆ ಅಳತೆ ತೊಟ್ಟಿಗೆ ನೀರು ಬಿಟ್ಟು ಸ್ಟಾಪ್‌ವಾಚ್ ಹಿಡಿಯಿರಿ, ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಎರಡನೆಯದು ನೀರಿನ ಆಳ. ಟೇಲ್ ಗೇಟ್ ಸ್ವಲ್ಪ ಹೆಚ್ಚು ಎತ್ತಿ 15ರ ಬದಲು 17 ಸೆಂ.ಮೀ. ನಿಂತಿದ್ದರೆ ವೇಗ ಶೇ. 12 ಇಳಿಯಿತು. ಆಳವನ್ನು ಕಂಬದ ಹತ್ತಿರ, ಮರಳಿನ ಮೇಲ್ಮೈಯಿಂದ ಅಳೆಯಬೇಕು. ನೀರು ಒಳಬರುವ ಕಡೆ ಅಳೆದು ಎಲ್ಲೆಡೆ ಅಷ್ಟೇ ಎಂದುಕೊಳ್ಳಬೇಡಿ.

ಸಮಯ ಸರಿ, ವೇಗ ಸರಿ. ಉಳಿದದ್ದು ಮರಳು. ನೀರು ಬಸಿದ ಮೇಲೆ ಗುಂಡಿಯ ತಳವನ್ನು ಕೈಯಿಂದ ಮುಟ್ಟಿ ನೋಡಿ. ಸುತ್ತಲಿನ ಹಾಸಿಗಿಂತ ದಪ್ಪ ಕಾಳುಗಳು ತಳದಲ್ಲಿ ಒತ್ತೊತ್ತಾಗಿ ಕೂತಿದ್ದರೆ ಕಾರಣ ಸಿಕ್ಕಿತು. ಸುಳಿ ಸಣ್ಣ ಕಾಳನ್ನು ಒಯ್ದು ದಪ್ಪದ್ದನ್ನು ಬಿಟ್ಟಿದೆ, ಅವೇ ಗುಂಡಿಗೆ ಕವಚವಾಗಿವೆ. ಶೇ. 84 ಮರಳು ಯಾವ ಗಾತ್ರಕ್ಕಿಂತ ಸಣ್ಣದೋ ಅದನ್ನು, ಶೇ. 16 ಯಾವುದಕ್ಕಿಂತ ಸಣ್ಣದೋ ಅದರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 1.3, 1.4 ಬಂದರೆ ಮರಳು ಏಕರೂಪ. 1.5 ದಾಟಿದರೆ ಕವಚದ ಭಯ ಇದ್ದೇ ಇದೆ.

ಕರ್ನಾಟಕದ ಲ್ಯಾಬುಗಳಲ್ಲಿ ಇದು ಈಗ ಹೆಚ್ಚು ಕಾಡುವ ವಿಷಯ. ನದಿ ಮರಳು ಸಿಗುವುದು ಕಷ್ಟ, ಕಟ್ಟಡಕ್ಕೆ ಬಂದ ಎಂ-ಸ್ಯಾಂಡನ್ನೇ ಫ್ಲೂಮಿಗೂ ಸುರಿಯುತ್ತಾರೆ. ಕಾಂಕ್ರೀಟಿಗೆ ಬೇಕಾದದ್ದು ಎಲ್ಲಾ ಗಾತ್ರ ಬೆರೆತ ಮರಳು. ನಮಗೆ ಬೇಕಾದದ್ದು ಒಂದೇ ಗಾತ್ರದ್ದು. ಮೇಲಾಗಿ ಎಂ-ಸ್ಯಾಂಡಿನ ಕಾಳು ಚೂಪು ಮೂಲೆಗಳದ್ದು, ಒಂದಕ್ಕೊಂದು ಕಚ್ಚಿಕೊಂಡು ಕಡಿದಾಗಿ ನಿಲ್ಲುತ್ತದೆ. ಅದರಲ್ಲಿ ಕಲ್ಲಿನ ಧೂಳೂ ಇರುತ್ತದೆ. ಬಳಸಲೇಬೇಕಾದರೆ 1 ಮಿ.ಮೀ. ಮತ್ತು 710 ಮೈಕ್ರಾನ್ ಜರಡಿಗಳ ನಡುವೆ ಉಳಿದದ್ದನ್ನು ಮಾತ್ರ ಆರಿಸಿ, ತಿಳಿನೀರು ಬರುವ ತನಕ ತೊಳೆಯಿರಿ. ಸಿಮೆಂಟ್ ಪರೀಕ್ಷೆಗೆಂದು ಬರುವ ತಮಿಳುನಾಡಿನ ಎಣ್ಣೋರ್ ಮರಳಿನ ಎರಡನೇ ದರ್ಜೆ, 1 ಮಿ.ಮೀ.ಯಿಂದ 500 ಮೈಕ್ರಾನಿನ ನಡುವಿನದು. ಅದನ್ನು ಇನ್ನೊಮ್ಮೆ ಜರಡಿ ಹಿಡಿದರೆ ಚೆನ್ನಾಗಿ ಒದಗುತ್ತದೆ. ಕಂಬದ ವ್ಯಾಸ ಕಾಳಿನ ಗಾತ್ರದ 50 ಪಟ್ಟಾದರೂ ಇರಬೇಕು ಎಂಬುದನ್ನೂ ನೋಡಿಕೊಳ್ಳಿ. ನಮ್ಮದು 62 ಪಟ್ಟು. ಇದೇ ಕೊಳವೆಗೆ 2 ಮಿ.ಮೀ. ಮರಳು ಹಾಕಿದರೆ 25ಕ್ಕೆ ಇಳಿಯುತ್ತದೆ, ದಪ್ಪ ಕಾಳೇ ಕೊರೆತವನ್ನು ತಡೆಯುತ್ತದೆ.

ಧೂಳಿನ ಮಾತು ಬಂತು. ತೊಟ್ಟಿಯ ನೀರು ಕೆಂಪಗೆ ಅಥವಾ ಬೂದಿ ಬಣ್ಣಕ್ಕೆ ತಿರುಗಿದ್ದರೂ ರನ್ ಮುಂದುವರಿಸುವವರಿದ್ದಾರೆ. ನೀರಿನ ಬಣ್ಣಕ್ಕೂ ಗುಂಡಿಗೂ ಏನು ಸಂಬಂಧ ಎನ್ನಿಸಬಹುದು. ಸಂಬಂಧ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಟರ್ನರ್ಸ್ ಫಾಲ್ಸ್‌ನಲ್ಲಿ 6.1 ಮೀಟರ್ ಅಗಲದ ಫ್ಲೂಮಿನಲ್ಲಿ ಶೆಪರ್ಡ್ ಮತ್ತು ಸಂಗಡಿಗರು 0.914 ಮೀಟರ್ ವ್ಯಾಸದವರೆಗಿನ ಕಂಬಗಳನ್ನು ನಿಲ್ಲಿಸಿ ಕೊರೆತ ಅಳೆದರು. ನೀರು ಬರುತ್ತಿದ್ದದ್ದು ಜಲವಿದ್ಯುತ್ ಕೇಂದ್ರದ ಜಲಾಶಯದಿಂದ, ಅದರಲ್ಲಿನ ನುಣ್ಣನೆ ಮಣ್ಣನ್ನು ತಡೆಯಲಾಗುತ್ತಿರಲಿಲ್ಲ. 2004ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಸಮಸ್ಥಿತಿಯ ಆಳ ಆ ತೇಲುಮಣ್ಣಿನ ಪ್ರಮಾಣಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಆದ್ದರಿಂದ ಗಾಜಿನ ಆಚೆಯ ಕಂಬ ಮಸುಕಾಗಿ ಕಂಡರೆ ನೀರು ಬದಲಿಸಿ.

ಇನ್ನೊಂದು ಕಾರಣ ನಗು ತರಿಸುವಂಥದ್ದು, ಆದರೂ ಆಗುತ್ತದೆ. ಗ್ರಾಫ್ ಚೆನ್ನಾಗಿ ಏರುತ್ತಿದ್ದು ಥಟ್ಟನೆ ಮಲಗಿದರೆ, ಮಲಗಿದ ಆಳ ಮರಳಿನ ಹಾಸಿನ ದಪ್ಪಕ್ಕೆ ಸಮ ಇದೆಯೇ ನೋಡಿ. ಗುಂಡಿ ಫ್ಲೂಮಿನ ತಳ ಮುಟ್ಟಿರುತ್ತದೆ! 12 ಸೆಂ.ಮೀ. ಮೇಲ್ಮಿತಿ ಇರುವಾಗ ಹಾಸು 18 ಸೆಂ.ಮೀ.ಗೆ ಕಡಿಮೆ ಇರಬಾರದು.

ಲಕ್ಷಣ: ಗುಂಡಿ ಬೇಕಾದ್ದಕ್ಕಿಂತ ಆಳ, ಅಥವಾ ತೀರಾ ಬೇಗ ಆಳ

ಮೊದಲ ನಿಮಿಷದ ಅಳತೆಯೇ ದೊಡ್ಡದಿದ್ದರೆ ಫ್ಲೂಮ್ ತುಂಬಿಸಿದ ರೀತಿ ತಪ್ಪು. ಒಣ ಹಾಸಿನ ಮೇಲೆ ಪಂಪು ಹಾಕಿದರೆ ಮುನ್ನುಗ್ಗುವ ತೆಳುನೀರಿನ ವೇಗ ಕ್ರಿಟಿಕಲ್ಲಿಗಿಂತ ಎಷ್ಟೋ ಜಾಸ್ತಿ. ಟೇಲ್ ಗೇಟ್ ಎತ್ತಿ ಮುಚ್ಚಿ, ಕೊನೆಯ ಕಡೆಯಿಂದ ಸಣ್ಣ ಪೈಪಿನಲ್ಲಿ ನೀರು ತುಂಬಿಸಿ. ಬೇಕಾದ್ದಕ್ಕಿಂತ ಹೆಚ್ಚಿನ ಆಳ ನಿಂತ ಮೇಲೆ ಪಂಪು ಹಾಕಿ, ಹರಿವು ನೆಲೆಗೊಂಡ ಮೇಲೆ ಗೇಟನ್ನು ಇಳಿಸುತ್ತಾ ಬನ್ನಿ. ಅಲ್ಲಿಯತನಕ ಕಂಬದ ಸುತ್ತ ತೆಳು ತಗಡು ಮುಚ್ಚಿಟ್ಟು, ಅದನ್ನು ಮೆಲ್ಲಗೆ ಎತ್ತಿದ ಕ್ಷಣದಿಂದ ಸಮಯ ಎಣಿಸಿ.

ಆಮೇಲೆ ಕಂಬಕ್ಕೆ ಬೆರಳು ತಾಗಿಸಿ. ಗಿಜಿಗಿಜಿ ನಡುಗುತ್ತಿದೆಯೇ? ಖಾಲಿ ಪಿವಿಸಿ ಕೊಳವೆ ಹಗುರ, ಬುಡ ಬಿಗಿಯಿಲ್ಲದಿದ್ದರೆ ಅದು ಅಲುಗಾಡುತ್ತಾ ಸುತ್ತಲಿನ ಮರಳನ್ನು ಸಡಿಲ ಮಾಡುತ್ತದೆ. ಒಳಗೆ ಮರಳು ತುಂಬಿ, ಬುಡವನ್ನು ಫ್ಲೂಮಿನ ತಳಕ್ಕೆ ಬಿಗಿದು, ಮೇಲ್ತುದಿಯನ್ನು ಅಡ್ಡಪಟ್ಟಿಗೆ ಕಟ್ಟಿ.

ಗುಂಡಿಯ ಅಂಚು ಗಾಜಿಗೆ ತಾಗಿದ್ದರೆ ಕಂಬ ಫ್ಲೂಮಿಗೆ ದೊಡ್ಡದಾಯಿತು. 50ರ ಬದಲು 110 ಮಿ.ಮೀ. ಕೊಳವೆ ನಿಲ್ಲಿಸುವ ಆಸೆ ಬರುವುದು ಸಹಜ, ಗುಂಡಿ ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಹಾಕಿ. ಆಳ 22 ಸೆಂ.ಮೀ. ಹೋದರೆ ಗುಂಡಿ ಪ್ರತಿ ಬದಿಗೆ ಸುಮಾರು 35 ಸೆಂ.ಮೀ. ಚಾಚುತ್ತದೆ. ಕೊಳವೆ ಸೇರಿ 80 ಸೆಂ.ಮೀ. ಆಯಿತು, ನಿಮ್ಮ ಬಳಿ ಇರುವುದು 60. ಅಲ್ಲದೆ ಅಷ್ಟು ಜಾಗವನ್ನು ಕಂಬವೇ ಕಟ್ಟಿದರೆ ಪಕ್ಕದ ನೀರು ವೇಗ ಪಡೆಯುತ್ತದೆ. ಕಂಬದ ವ್ಯಾಸ ಫ್ಲೂಮಿನ ಅಗಲದ ಹತ್ತನೇ ಒಂದನ್ನು ಮೀರದಂತೆ ಇಟ್ಟುಕೊಂಡರೆ ಈ ತಂಟೆ ಇಲ್ಲ.

ಲಕ್ಷಣ: ಗುಂಡಿ ಒಂದು ಕಡೆ ವಾಲಿದೆ

ದುಂಡು ಕಂಬದ ಗುಂಡಿ ಎಡಬಲ ಸಮ ಇರಬೇಕು. ಬೆನ್ನಿನ ಸುಳಿಗಳು ನಮ್ಮ ಉದಾಹರಣೆಯಲ್ಲಿ ಸೆಕೆಂಡಿಗೆ ಒಂದು ಚಿಲ್ಲರೆ ಸಲ ಬದಿ ಬದಲಿಸುವುದರಿಂದ ಹಿಂದಿನ ದಿಬ್ಬ ಕ್ಷಣಕ್ಷಣಕ್ಕೂ ಅತ್ತಿತ್ತ ಆಡುತ್ತದೆ. ಅದು ಸರಿಯೇ. ಆದರೆ ರನ್ ಮುಗಿದ ಮೇಲೂ ಒಂದು ಭುಜದ ಕಡೆ ಹೆಚ್ಚು ಆಳ ಇದ್ದರೆ ಹರಿವು ಓರೆಯಾಗಿ ಬರುತ್ತಿದೆ.

ಮೊದಲು ಹನಿಕೋಂಬ್ ಜಾಲರಿ, ಅಂದರೆ ನೀರು ಒಳಬರುವ ಕಡೆ ಹರಿವನ್ನು ನೆಟ್ಟಗೆ ಮಾಡುವ ಜೇನುಗೂಡಿನಂಥ ಜಾಲರಿ, ನೋಡಿ. ತೊಟ್ಟಿ ಹೊರಗಡೆ ಇದ್ದರೆ ಎಲೆ, ಪ್ಲಾಸ್ಟಿಕ್ ಚೂರು ಬಂದು ಒಂದು ಮೂಲೆಯನ್ನು ಮುಚ್ಚಿರುತ್ತವೆ. ಎಷ್ಟೋ ಸಲ ಅಲ್ಲಿಗೇ ಕಥೆ ಮುಗಿಯುತ್ತದೆ. ಮುಗಿಯದಿದ್ದರೆ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣವನ್ನು ಸಿರಿಂಜಿನಿಂದ ಮೂರು ಕಡೆ, ಎಡ, ನಡು, ಬಲದಲ್ಲಿ ಬಿಡಿ. ನೇರಳೆ ಗೆರೆಗಳು ಒಂದಕ್ಕೊಂದು ಸಮಾಂತರವಾಗಿ ಬರಬೇಕು. ಒಂದು ಕಡೆಗೆ ಸರಿದರೆ ಪಂಪಿನ ಪೈಪು ತೊಟ್ಟಿಗೆ ಸೇರುವ ಕೋನವನ್ನೇ ಅನುಮಾನಿಸಬೇಕು. ಜಾಲರಿಯ ಮುಂದೆ ಇನ್ನೊಂದು ಪದರ, ನೀರಿನ ಮೇಲೆ ತೇಲುವ ಒಂದು ಥರ್ಮಾಕೋಲ್ ಹಲಗೆ ಹಾಕಿದರೆ ಬಹಳಷ್ಟು ಸರಿಹೋಗುತ್ತದೆ.

ಹರಿವು ನೆಟ್ಟಗಿದ್ದರೆ ಕಂಬ ಓರೆ ಇದೆಯೇ ಎಂದು ಸ್ಪಿರಿಟ್ ಲೆವೆಲ್ ಹಿಡಿಯಿರಿ, ಎರಡೂ ದಿಕ್ಕಿನಲ್ಲಿ. ಅದೂ ಸರಿಯಿದ್ದರೆ ಕಂಬವನ್ನು ಒಂದು ಮೀಟರ್ ಹಿಂದಕ್ಕೋ ಮುಂದಕ್ಕೋ ಸರಿಸಿ ಮತ್ತೆ ಓಡಿಸಿ. ವಾಲುವಿಕೆ ಅದೇ ಬದಿಗೆ ಬಂದರೆ ದೋಷ ಹರಿವಿನದು, ನೇರಳೆ ಗೆರೆಯ ಪರೀಕ್ಷೆಗೆ ವಾಪಸ್ ಹೋಗಿ. ಬದಿ ಬದಲಾದರೆ ಮರಳನ್ನು ಸಮವಾಗಿ ತಟ್ಟಿರಲಿಲ್ಲ.

ಲಕ್ಷಣ: ಹಾಸಿನ ತುಂಬ ಸಣ್ಣ ಕುಳಿಗಳು

ಒಣ ಮರಳಿನಲ್ಲಿ ಸಿಕ್ಕಿಕೊಂಡ ಗಾಳಿ ಗುಳ್ಳೆಯಾಗಿ ಮೇಲೆ ಬಂದು, ಹಾಸು ನೀರುದೋಸೆಯ ಹಾಗೆ ತೂತು ತೂತಾಗುತ್ತದೆ. ಹಾಸನ್ನು ನೀರಿನಲ್ಲೇ ತುಂಬಿಸಿ, ಕೋಲಿನಿಂದ ಕುಟ್ಟಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಗ್ಗೆ ಸಮ ಮಾಡಿ.

ಲಕ್ಷಣ: ಅಳತೆ ಪ್ರತಿ ಸಲ ಬೇರೆ

ಗುಂಡಿಯ ಗೋಡೆ ಆಗಾಗ ಕುಸಿಯುತ್ತದೆ. ಕುಸಿದಾಗ ತಳ ಕೆಲವು ಮಿ.ಮೀ. ಏರಿ ಮತ್ತೆ ಇಳಿಯುತ್ತದೆ. ಅಷ್ಟು ಏರಿಳಿತ ಸಹಜ. ಅದಕ್ಕಿಂತ ಹೆಚ್ಚಿದ್ದರೆ ಓವರ್‌ಹೆಡ್ ತೊಟ್ಟಿ ಉಕ್ಕಿ ಹರಿಯುತ್ತಿದೆಯೇ ನೋಡಿ. ಉಕ್ಕದಿದ್ದರೆ ಅದರ ಮಟ್ಟ ಕರೆಂಟಿನ ವೋಲ್ಟೇಜಿನ ಜೊತೆ ಏರಿಳಿಯುತ್ತದೆ, ಹರಿವೂ ಹಾಗೆಯೇ.

ಅಳೆಯುವ ಕೈಯೂ ಕಾರಣವಾಗಬಹುದು. ಪಾಯಿಂಟ್ ಗೇಜಿನ ಮೊನೆಯನ್ನು ಗುಂಡಿಯಲ್ಲೇ ಬಿಟ್ಟರೆ ಅದು ಇನ್ನೊಂದು ಪುಟ್ಟ ಕಂಬ, ತನ್ನದೇ ಗುಂಡಿ ತೋಡಿಕೊಳ್ಳುತ್ತದೆ. ಅಳೆದ ಕೂಡಲೇ ಎತ್ತಿ. ನೀರಿನ ಮೇಲಿಂದ ಲೇಸರ್ ಅಥವಾ ಕ್ಯಾಮೆರಾ ಹಿಡಿದು ಅಳೆದರೆ ಬೆಳಕು ಬಾಗುವುದರಿಂದ ತಳ ಮೇಲಿದ್ದಂತೆ ಕಾಣುತ್ತದೆ. ನೇರ ಮೇಲಿಂದ ನೋಡಿದಾಗ ನಿಜವಾದ ಆಳದ ಮುಕ್ಕಾಲು ಭಾಗ ಮಾತ್ರ. ತಿದ್ದುಪಡಿ ಮಾಡಬೇಕು, ಇಲ್ಲವೇ ನೀರು ಬಸಿದ ಮೇಲೆ ಅಳೆಯಬೇಕು.

ವೇಗ ಅಳೆಯಲು ವೆಕ್ಟ್ರಿನೋದಂಥ ಅಕೂಸ್ಟಿಕ್ ಡಾಪ್ಲರ್ ಉಪಕರಣ (ಶಬ್ದದ ಪಲ್ಸ್ ಬಿಟ್ಟು, ನೀರಿನಲ್ಲಿ ತೇಲುವ ಕಣಗಳಿಂದ ಬರುವ ಪ್ರತಿಧ್ವನಿಯಿಂದ ವೇಗ ಅಳೆಯುವಂಥದ್ದು) ಇದ್ದವರಿಗೆ ಒಂದೆರಡು ಮಾತು. ಅದು ಅಳೆಯುವುದು ತನ್ನ ತುದಿಯಿಂದ 5 ಸೆಂ.ಮೀ. ಕೆಳಗಿನ ನೀರನ್ನು. ಹಾಗಾಗಿ ನಮ್ಮ 15 ಸೆಂ.ಮೀ. ನೀರಿನಲ್ಲಿ ಕೆಳಮುಖ ಪ್ರೋಬಿಗೆ ಮೇಲಿನ 5 ಸೆಂ.ಮೀ. ಸಿಗುವುದೇ ಇಲ್ಲ. ಕೋರಿಲೇಶನ್ (ಪ್ರತಿಧ್ವನಿಗಳ ಪರಸ್ಪರ ಹೊಂದಿಕೆ) ಶೇ. 70ಕ್ಕಿಂತ, ಸಿಗ್ನಲ್ ಮತ್ತು ಗದ್ದಲದ ಅನುಪಾತ 15 ಡೆಸಿಬೆಲ್ಲಿಗಿಂತ ಕೆಳಗಿದ್ದರೆ ಆ ಅಂಕಿಯನ್ನು ನಂಬಬೇಡಿ. ನೀರು ತೀರಾ ಶುಭ್ರವಾಗಿದ್ದರೆ ಹೀಗಾಗುತ್ತದೆ, ಪ್ರತಿಧ್ವನಿ ಕೊಡುವ ನುಣ್ಣನೆ ಕಣಗಳ ಸೀಡಿಂಗ್ ಪುಡಿ ಒಂದು ಚಿಟಿಕೆ ಬೇಕು. ತಳದಿಂದ ಯಾವುದೋ ಒಂದೇ ಎತ್ತರದಲ್ಲಿ ಮಾತ್ರ ಅಂಕಿ ಹುಚ್ಚುಹುಚ್ಚಾಗಿ ಬಂದರೆ ಹಿಂದಿನ ಪಲ್ಸಿನ ಪ್ರತಿಧ್ವನಿ ತಳಕ್ಕೆ ಬಡಿದು ಹೊಸದರ ಜೊತೆ ಬೆರೆಯುತ್ತಿದೆ. ವೇಗದ ರೇಂಜ್ ಬದಲಿಸಿದರೆ ಆ ಜಾಗ ಸರಿಯುತ್ತದೆ.

ಲಕ್ಷಣ: ನಿಲ್ಲಿಸುವ ಮುಂಚಿನ ಆಳ ಒಂದು, ಬಸಿದ ಮೇಲಿನ ಆಳ ಇನ್ನೊಂದು

ಗುಂಡಿಯ ಗೋಡೆಯಲ್ಲಿ ಸಣ್ಣ ಕೊರಕಲುಗಳು, ಬುಡದಲ್ಲಿ ಬೀಸಣಿಗೆಯಂತೆ ಹರಡಿದ ಮರಳು ಕಂಡರೆ ನೀರನ್ನು ಬೇಗ ಬಸಿದಿದ್ದೀರಿ. ಹಾಸಿನೊಳಗಿನ ನೀರು ಗುಂಡಿಗೆ ಜಿನುಗುತ್ತಾ ಗೋಡೆಯನ್ನು ಬೀಳಿಸಿದೆ. ಮೊದಲು ಟೇಲ್ ಗೇಟ್ ಎತ್ತಿ ಆಳ ಹೆಚ್ಚಿಸಿ, ಆಮೇಲೆ ವಾಲ್ವ್ ಮುಚ್ಚಿ, ನೀರು ನಿಂತ ಮೇಲೆ ತಳದ ಸಣ್ಣ ನಲ್ಲಿಯಿಂದ ರಾತ್ರಿಯಿಡೀ ಬಸಿಯಲು ಬಿಡಿ.

ಲೈವ್ ಬೆಡ್ ರನ್ನಿನಲ್ಲಿ ಇದೂ ಸಾಲದು. ಅಲ್ಲಿ ಹರಿವು ಇಳಿಯುತ್ತಿದ್ದಂತೆ ಮೇಲಿಂದ ಬರುವ ಮರಳು ಗುಂಡಿಯನ್ನು ತುಂಬಿಬಿಡುತ್ತದೆ. ನದಿಯಲ್ಲಿ ನೆರೆ ಇಳಿದ ಮೇಲೆ ಮುಳುಗಿ ನೋಡಿದವರಿಗೆ ನೆರೆಯ ನಡುವಿನ ಆಳ ಕಾಣದಿರುವುದೂ ಇದರಿಂದಲೇ. ಆದ್ದರಿಂದ ಲೈವ್ ಬೆಡ್ಡಿನಲ್ಲಿ ಅಳತೆ ನೀರು ಹರಿಯುತ್ತಿರುವಾಗಲೇ ಆಗಬೇಕು. ಕಂಬಕ್ಕೆ ಪಾರದರ್ಶಕ ಅಕ್ರಿಲಿಕ್ ಕೊಳವೆ ಬಳಸಿ, ಒಳಮೈಗೆ ಮಿ.ಮೀ. ಪಟ್ಟಿ ಅಂಟಿಸಿ, ಒಳಗೆ ಸಣ್ಣ ಕ್ಯಾಮೆರಾ ಇಳಿಸಿದರೆ ಹೊರಗಿನ ಮರಳಿನ ಅಂಚು ಪಟ್ಟಿಯ ಮೇಲೆ ನೇರವಾಗಿ ಕಾಣುತ್ತದೆ.

ಕರೆಂಟು ಹೋಗಿ ರನ್ ನಡುವೆ ನಿಂತರೆ? ಟೇಲ್ ಗೇಟನ್ನು ತಕ್ಷಣ ಎತ್ತಿ ನೀರು ಹಿಡಿದಿಡಿ, ಗುಂಡಿಯ ಆಳ ಆಗಲೇ ಅಳೆಯಿರಿ. ಕರೆಂಟು ಬಂದ ಮೇಲೆ ತುಂಬಿಸುವಾಗಿನ ಎಚ್ಚರಿಕೆಯಲ್ಲೇ ಮತ್ತೆ ಶುರುಮಾಡಿ, ಮೊದಲ ಹತ್ತು ನಿಮಿಷ ಮತ್ತೆ ಅಳೆಯಿರಿ. ಕ್ಲಿಯರ್ ವಾಟರ್ ರನ್ನಿನಲ್ಲಿ ಆಳ ಹಿಂದಿನ ಅಂಕಿಗೆ ಮರಳಿ, ಲಾಗ್ ಗ್ರಾಫಿನ ಗೆರೆ ಹಳೆಯ ದಾರಿಯಲ್ಲೇ ಮುಂದುವರಿದರೆ ನಿಂತ ಸಮಯವನ್ನು ಕಳೆದು ರನ್ ಮುಂದುವರಿಸಬಹುದು. ಗೆರೆ ಮುರಿದು ಬೇರೆ ದಾರಿ ಹಿಡಿದರೆ ಹಾಸು ಸಮ ಮಾಡಿ ಮೊದಲಿನಿಂದ ಶುರುಮಾಡಿ.